ಲಿನಕ್ಸ್ ವಿತರಣೆಗಳು, ಅವುಗಳ ಪಾಲಕರು

ಲಿನಕ್ಸನ್ನು ತನ್ನ ಮನೆಯ ಕಂಪ್ಯೂಟರಿನಲ್ಲಿ ಅಳವಡಿಸಿಕೊಳ್ಳಬೇಕೆಂದು ಸಂಕಲ್ಪಿಸಿದವನ ಮುಂದೆ ಮೊಟ್ಟಮೊದಲು ಬಂದು ನಿಲ್ಲುವ ಪ್ರಶ್ನೆಯೆಂದರೆ, ಯಾವ ಲಿನಕ್ಸ್ ಎಂಬುದು. ಡೆಬಿಯನ್, ಉಬುಂಟು, ಫೆಡೋರಾ, ಮಿಂಟ್, ಆರ್ಚ್, ಸ್ಲ್ಯಾಕ್‌ವೇರ್, ಓಪನ್‌ಸೂಸೆ ಎಂದು ಹೆಸರುಗಳು ಬೆಳೆಯುತ್ತಲೇ ಹೋಗುತ್ತವೆ; ಇವೆಲ್ಲದರ ಗರ್ಭದಲ್ಲಿರುವ ಕರ್ನಲ್ ಒಂದೇ, ಮೇಲೆ ಕಾಣುವ ಬ್ರೌಸರು, ಕಚೇರಿ ಕೆಲಸದ ತಂತ್ರಾಂಶ, ಚಿತ್ರ ನೋಡುವ ಸಾಧನ ಇವೂ ಬಹುಮಟ್ಟಿಗೆ ಒಂದೇ; ಹೀಗಿರುತ್ತ ಇಷ್ಟೊಂದು ನಾಮಭೇದ, ಇಷ್ಟೊಂದು ಪಕ್ಷಪಾತ, ಇಷ್ಟೊಂದು ವಾಗ್ವಾದ ಏತಕ್ಕೆಂದು ಹೊಸಬರು ಬೆರಗಾಗುವುದು ಸಹಜವೇ. ತೆರೆಯ ಮೇಲಿನ ಬಣ್ಣ, ಮೆನುವಿನ ಜಾಗ, ಗುಂಡಿಗಳ ಆಕಾರ ಇವನ್ನು ಹೋಲಿಸಿ ನೋಡಿ ಆಯ್ಕೆ ಮಾಡುವವರು ಬಹಳ ಮಂದಿ. ಆದರೆ ಆ ಬಣ್ಣವನ್ನು ಅರ್ಧ ಗಂಟೆಯಲ್ಲಿ ಬದಲಾಯಿಸಬಹುದು. ಹಾಗೆ ಬದಲಾಯಿಸಲಾಗದ ಭೇದ ಬೇರೊಂದಿದೆ. ಅದನ್ನು ತಿಳಿಯಬೇಕಾದರೆ ಈ ವಿತರಣೆಗಳು ಹುಟ್ಟಿದ ಬಗೆಯನ್ನೂ, ಅವುಗಳಲ್ಲಿ ಕೆಲವು ಬಾಳಿ ಹಲವು ಅಳಿದ ಕಾರಣವನ್ನೂ ಚರಿತ್ರೆಯಲ್ಲಿ ಹುಡುಕಬೇಕು. ಆ ಮೂವತ್ತಕ್ಕೂ ಮಿಕ್ಕ ವರ್ಷಗಳ ಚರಿತ್ರೆಯನ್ನು ಅವಲೋಕಿಸಿದಾಗ ನನಗೆ ದೃಢವಾಗಿ ತೋರುವ ಸಂಗತಿ ಇದು: ವಿತರಣೆಯನ್ನು ಆರಿಸುವವನು ವಾಸ್ತವವಾಗಿ ಅದರ ಪಾಲಕರನ್ನು, ವರ್ಷಾನುವರ್ಷ ಅದನ್ನು ಸುಸ್ಥಿತಿಯಲ್ಲಿಟ್ಟುಕೊಂಡು ಬರುವ ಅಪರಿಚಿತ ಜನರನ್ನು, ಆರಿಸುತ್ತಾನೆ.

1991ನೆಯ ಇಸವಿಯ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ, ಇಪ್ಪತ್ತೊಂದು ವರ್ಷದ ಲಿನಸ್ ಟೊರ್ವಾಲ್ಡ್ಸರು, ತಾವು 386 ಜಾತಿಯ ಯಂತ್ರಕ್ಕೆಂದು ಹವ್ಯಾಸವಾಗಿ ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯುತ್ತಿರುವುದಾಗಿ ಮಿನಿಕ್ಸ್ ಎಂಬ ಮತ್ತೊಂದು ವ್ಯವಸ್ಥೆಯ ಬಳಕೆದಾರರಿಗೆ ತಿಳಿಯಪಡಿಸಿದರು; ಸೆಪ್ಟೆಂಬರಿನಲ್ಲಿ ಅದರ 0.01ನೆಯ ಆವೃತ್ತಿ ಫಿನ್ಲೆಂಡಿನ ಒಂದು ಸರ್ವರಿನಲ್ಲಿ ಸಾರ್ವಜನಿಕರಿಗೆ ದೊರೆಯಿತು. ಆದರೆ ಅದು ಕೇವಲ ಕರ್ನಲ್: ಯಂತ್ರದ ಸ್ಮೃತಿ, ಡಿಸ್ಕು, ಕೀಲಿಮಣೆ ಇವುಗಳನ್ನು ಕಾರ್ಯಕ್ರಮಗಳಿಗೆ ಹಂಚಿಕೊಡುವ ಮೂಲಾಧಾರ. ಆಜ್ಞೆಗಳನ್ನು ಓದುವ ಶೆಲ್, ಕಡತಗಳನ್ನು ನಕಲುಮಾಡುವ ಸಾಧನ, ಕಂಪೈಲರ್ ಮೊದಲಾದವುಗಳನ್ನು ಅದಕ್ಕೆ ಬೇರೆಡೆಯಿಂದ ತಂದು ಜೋಡಿಸಬೇಕಾಗಿತ್ತು. ಅವು ಬಹುಮಟ್ಟಿಗೆ ಸಿದ್ಧವಾಗಿಯೇ ಇದ್ದುವು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ನರು 1983ರಲ್ಲಿ ಘೋಷಿಸಿದ ಗ್ನೂ ಯೋಜನೆ, ಕರ್ನಲ್ ಒಂದನ್ನುಳಿದು ಮಿಕ್ಕ ಅಂಗಾಂಗಗಳನ್ನು ಬಹುಪಾಲು ಬರೆದು ಮುಗಿಸಿದ್ದಿತು. ಒಂದು ಖಂಡದ ಕರ್ನಲನ್ನೂ ಮತ್ತೊಂದು ಖಂಡದ ಸಾಧನಗಳನ್ನೂ ಒಂದೊಂದಾಗಿ ಇಳಿಸಿಕೊಂಡು, ಕಂಪೈಲ್ ಮಾಡಿ, ಒಂದರೊಡನೊಂದು ಹೊಂದುವಂತೆ ತಿದ್ದಿ, ಯಂತ್ರ ಏಳುವಂತೆ ಮಾಡುವ ಪ್ರಯಾಸವಿದೆಯಲ್ಲ, ಅದು ಮಾತ್ರ ಪ್ರತಿಯೊಬ್ಬ ಬಳಕೆದಾರನ ತಲೆಯ ಮೇಲೂ ಬೇರೆ ಬೇರೆಯಾಗಿ ಬೀಳುತ್ತಿದ್ದಿತು.

ಈ ಪ್ರಯಾಸವನ್ನು ಒಬ್ಬ ಪಟ್ಟರೆ ನೂರು ಮಂದಿಗೆ ಉಳಿಯುವುದೆಂಬ ಅರಿವಿನಿಂದ ವಿತರಣೆ ಹುಟ್ಟಿತು. ಎಚ್. ಜೆ. ಲೂ ಎಂಬವರು ಬೂಟ್, ರೂಟ್ ಎಂಬ ಎರಡು ಫ್ಲಾಪಿಗಳನ್ನು ಸಿದ್ಧಪಡಿಸಿದರು. 1992ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಣಕ ಕೇಂದ್ರದ ಓವನ್ ಲೆ ಬ್ಲಾಂಕರು ಎಂಸಿಸಿ ಎಂಬ ಹೆಸರಿನಲ್ಲಿ, ಯೂನಿಕ್ಸ್ ಪಂಡಿತನಲ್ಲದವನೂ ಸ್ಥಾಪಿಸಿಕೊಳ್ಳಬಹುದಾದ ಒಂದು ಕಟ್ಟನ್ನು ಹೊರತಂದರು. ಅದೇ ವರ್ಷ ಪೀಟರ್ ಮ್ಯಾಕ್‌ಡೊನಾಲ್ಡರ ಎಸ್‌ಎಲ್‌ಎಸ್ ಬಂದಿತು; ಕಿಟಕಿಗಳ ರೂಪದಲ್ಲಿ ಕೆಲಸಮಾಡುವುದಕ್ಕೆ ಬೇಕಾದ ಎಕ್ಸ್ ವ್ಯವಸ್ಥೆಯೂ ಅದರಲ್ಲಿ ಸೇರಿದ್ದುದರಿಂದ ಅದು ಬಹುಬೇಗ ಎಲ್ಲರ ಕೈಗೂ ಹಬ್ಬಿತು. ಹಬ್ಬಿದಂತೆಲ್ಲ ಅದರ ದೋಷಗಳೂ ಹಬ್ಬಿದುವು. ತಿದ್ದುಪಡಿಗಳು ಬರಬೇಕಾದಷ್ಟು ಬೇಗ ಬರಲಿಲ್ಲ. ಇಂದು ನಾವು ಕೇಳುವ ಎರಡು ಮಹಾವಂಶಗಳು ಆ ಒಂದು ವಿತರಣೆಯ ಮೇಲಣ ಅಸಂತೃಪ್ತಿಯಿಂದಲೇ, 1993ರ ಒಂದೇ ಬೇಸಗೆಯಲ್ಲಿ, ಜನಿಸಿದುವು.

ಮೊದಲನೆಯದು ಸ್ಲ್ಯಾಕ್‌ವೇರ್. ಅಮೆರಿಕದ ಮಿನೆಸೋಟದ ಮೂರ್‌ಹೆಡ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಪ್ಯಾಟ್ರಿಕ್ ವೋಲ್ಕರ್ಡಿಂಗರು ತಮ್ಮ ಅಧ್ಯಾಪಕರಿಗಾಗಿ ಎಸ್‌ಎಲ್‌ಎಸ್ಸನ್ನು ಸ್ಥಾಪಿಸಹೊರಟು, ಅದರ ತಪ್ಪುಗಳನ್ನು ಒಂದೊಂದಾಗಿ ತಿದ್ದುತ್ತ ಹೋಗಿ, ಕೊನೆಗೆ ತಿದ್ದಿದ ಪ್ರತಿಯನ್ನೇ ಜುಲೈ 17ರಂದು ಲೋಕಕ್ಕೆ ಕೊಟ್ಟರು. ಅದು 24 ಫ್ಲಾಪಿಗಳಲ್ಲಿ ಅಡಕವಾಗಿತ್ತು. ಮರುವರ್ಷದ ಅಕ್ಟೋಬರಿನ ವೇಳೆಗೆ 73 ಫ್ಲಾಪಿಗಳಷ್ಟಾಯಿತು. ಆ ಕಾಲದಲ್ಲಿ ಲಿನಕ್ಸ್ ಹಾಕಿಕೊಳ್ಳುವುದು ಹೇಗಿತ್ತೆಂಬುದನ್ನು ಇಂದಿನ ಓದುಗರು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ಎ ಸರಣಿಯಲ್ಲಿ ಮೂಲ ವ್ಯವಸ್ಥೆ, ಡಿ ಸರಣಿಯಲ್ಲಿ ಕಂಪೈಲರುಗಳು, ಎನ್ ಸರಣಿಯಲ್ಲಿ ಜಾಲಸಂಪರ್ಕ, ಎಕ್ಸ್ ಸರಣಿಯಲ್ಲಿ ಕಿಟಕಿಗಳು. ಹೀಗೆ ಅಕ್ಷರ ಗುರುತುಮಾಡಿದ ಫ್ಲಾಪಿಗಳ ರಾಶಿಯನ್ನು ಪಕ್ಕದಲ್ಲಿಟ್ಟುಕೊಂಡು, ತೆರೆಯ ಮೇಲೆ ಮುಂದಿನದು ಎಂಬ ಆಜ್ಞೆ ಬಂದಾಗಲೆಲ್ಲ ಒಂದನ್ನು ತೆಗೆದು ಇನ್ನೊಂದನ್ನು ತುರುಕಬೇಕು. ಹದಿನಾರನೆಯದೋ ಹದಿನೇಳನೆಯದೋ ಫ್ಲಾಪಿಯಲ್ಲಿ ಒಂದು ಭಾಗ ಕೆಟ್ಟು ಓದಲಾಗದೆ ಹೋದರೆ, ಮತ್ತೆ ಬೇರೆ ಯಂತ್ರಕ್ಕೆ ಹೋಗಿ ಅದನ್ನು ಬರೆದುಕೊಂಡು ಬರಬೇಕು.

ಅಷ್ಟಾದ ಮೇಲೂ ಬಳಕೆದಾರನಿಗೆ ದೊರೆಯುತ್ತಿದ್ದುದು ಕಪ್ಪು ತೆರೆಯ ಮೇಲಿನ ಅಕ್ಷರಗಳು. ಕಿಟಕಿಗಳು ಮೂಡಬೇಕಾದರೆ ಎಕ್ಸ್ ವ್ಯವಸ್ಥೆಯ ಸಂರಚನಾ ಕಡತವನ್ನು ಕೈಯಾರೆ ಬರೆಯಬೇಕಾಗಿತ್ತು. ಅದರಲ್ಲಿ ವಿಡಿಯೋ ಕಾರ್ಡಿನ ಜಾತಿ, ಮಾನಿಟರಿನ ಅಡ್ಡ ಆವರ್ತನ ಎಷ್ಟರಿಂದ ಎಷ್ಟು ಕಿಲೋಹರ್ಟ್ಸ್, ಲಂಬ ಆವರ್ತನ ಎಷ್ಟರಿಂದ ಎಷ್ಟು ಹರ್ಟ್ಸ್, ಇವುಗಳನ್ನು ಮಾನಿಟರಿನೊಡನೆ ಬಂದ ಪುಸ್ತಿಕೆಯಲ್ಲಿ ನೋಡಿ ನಮೂದಿಸಬೇಕು. ಸಂಖ್ಯೆ ತಪ್ಪಿದರೆ ಹಳೆಯ ಮಾನಿಟರುಗಳು ಸುಟ್ಟುಹೋಗುವ ಸಂಭವವಿದೆಯೆಂದು ಕೈಪಿಡಿಗಳೇ ಎಚ್ಚರಿಸುತ್ತಿದ್ದುವು. ಈ ಕಷ್ಟವನ್ನು ಉತ್ಪ್ರೇಕ್ಷಿಸಿ ಹೆಮ್ಮೆಪಡುವವರುಂಟು. ನನಗೆ ಅದರಲ್ಲಿ ಹೆಮ್ಮೆಯ ಕಾರಣ ಕಾಣುವುದಿಲ್ಲ. ಮೇಜಿನ ಮುಂದೆ ಕುಳಿತು ಪತ್ರ ಬರೆಯಬೇಕಾದವನಿಗೆ ಮಾನಿಟರಿನ ಆವರ್ತನದ ಜ್ಞಾನ ಏತಕ್ಕೆ ಬೇಕು? ಅದನ್ನು ಒಮ್ಮೆ ತಿಳಿದವರು ಎಲ್ಲರಿಗಾಗಿ ಬರೆದಿಡಬೇಕಾಗಿತ್ತು, ಮುಂದೆ ಹಾಗೆಯೇ ಆಯಿತು.

ಎರಡನೆಯ ವಂಶ ಡೆಬಿಯನ್. ಇಂಡಿಯಾನದ ಪರ್ಡ್ಯೂ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಇಯನ್ ಮರ್ಡಾಕರು 1993ರ ಆಗಸ್ಟ್ 16ರಂದು ಅದನ್ನು ಘೋಷಿಸಿದರು; ತಮ್ಮ ಹೆಸರನ್ನೂ ತಮ್ಮ ಗೆಳತಿ ಡೆಬ್ರಾ ಎಂಬವರ ಹೆಸರನ್ನೂ ಕೂಡಿಸಿ ಅದಕ್ಕೆ ನಾಮಕರಣ ಮಾಡಿದರು. ಅನಂತರ ಅವರು ಪ್ರಕಟಿಸಿದ ಡೆಬಿಯನ್ ಪ್ರಣಾಳಿಕೆ, ನನ್ನ ಅಭಿಪ್ರಾಯದಲ್ಲಿ, ಈ ಇಡೀ ಚರಿತ್ರೆಯ ಕೀಲಕ ಲೇಖನ. ವಿತರಣೆಯನ್ನು ಕಟ್ಟುವ ಉತ್ಸಾಹ ಅನೇಕರಲ್ಲಿರುತ್ತದೆ. ಕಟ್ಟಿದ್ದನ್ನು ಕಾಲಕಾಲಕ್ಕೆ ತಿದ್ದಿ ಹೊಸದಾಗಿಡುವ ಕೆಲಸ ಮಾತ್ರ ಯಾರ ಕಣ್ಣಿಗೂ ಬೀಳದ, ಎಂದಿಗೂ ಮುಗಿಯದ ಕೆಲಸವಾದುದರಿಂದ ಚೆನ್ನಾಗಿ ಆರಂಭವಾದ ವಿತರಣೆಗಳೂ ಕ್ರಮೇಣ ಹಾಳಾಗುತ್ತವೆ ಎಂಬುದು ಅಲ್ಲಿನ ಮುಖ್ಯ ವಾದ. ಎಸ್‌ಎಲ್‌ಎಸ್ ಅದಕ್ಕೆ ಕೊಟ್ಟ ನಿದರ್ಶನ. ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಈ ವಿಚಾರ ಹೊಸದಲ್ಲ: ಕೆರೆಯನ್ನು ಕಟ್ಟಿಸಿದ ಪುಣ್ಯವಂತನ ಹೆಸರಿನೊಡನೆ, ಆ ಕೆರೆಯ ಏರಿ ಒಡೆಯದಂತೆ, ಹೂಳು ತುಂಬದಂತೆ ನೋಡಿಕೊಳ್ಳುವುದಕ್ಕಾಗಿ ಬಿತ್ತುವಟ್ಟವೆಂದು ಬಿಟ್ಟ ಭೂಮಿಯ ಉಲ್ಲೇಖವೂ ಅಲ್ಲಿ ಬರುತ್ತದೆ, ಏಕೆಂದರೆ ಪಾಲನೆಗೆ ಏರ್ಪಾಡಿಲ್ಲದ ಕೆರೆ ಎರಡು ತಲೆಮಾರು ಬಾಳದೆಂಬುದು ಕಟ್ಟಿಸಿದವರಿಗೆ ಗೊತ್ತಿತ್ತು. ಮರ್ಡಾಕರು ಸ್ಥಾಪಿಸಹೊರಟದ್ದು ಅಂಥ ಏರ್ಪಾಡನ್ನು. ಭೂಮಿಯ ಸ್ಥಾನದಲ್ಲಿ ಅವರಿಗಿದ್ದುದು ಸ್ವಯಂಸೇವಕರ ಶ್ರಮ.

ಆ ಏರ್ಪಾಡಿನ ರಚನೆ ಹೀಗೆ. ಪ್ರತಿಯೊಂದು ತಂತ್ರಾಂಶವನ್ನೂ ಪ್ಯಾಕೇಜ್ ಎಂಬ ಒಂದು ಗಂಟಾಗಿ ಕಟ್ಟುವುದು; ಆ ಗಂಟಿನ ಮೇಲೆ, ಇದು ಇನ್ನಾವ ಯಾವ ಗಂಟುಗಳನ್ನು ಅವಲಂಬಿಸಿದೆ, ಯಾವುದರೊಡನೆ ಕೂಡಿ ಬಾಳಲಾರದು ಎಂಬುದನ್ನು ಬರೆಯುವುದು; ಜೊತೆಗೆ, ಇದರ ಪಾಲಕರು ಯಾರು ಎಂಬುದನ್ನು ಹೆಸರು, ವಿಳಾಸ ಸಹಿತ ನಮೂದಿಸುವುದು. ಮೂಲ ಲೇಖಕನು ಬರೆದ ತಂತ್ರಾಂಶವನ್ನು ತಂದು, ವಿತರಣೆಯ ನಿಯಮಗಳಿಗೆ ಹೊಂದಿಸಿ, ದೋಷ ಕಂಡವರ ದೂರುಗಳನ್ನು ಓದಿ, ಭದ್ರತೆಯ ತಿದ್ದುಪಡಿ ಬಂದೊಡನೆ ಸೇರಿಸುವ ಆ ವ್ಯಕ್ತಿಯನ್ನೇ ಮೇಂಟೇನರ್ ಎನ್ನುವರು. 1995ರ ಕೊನೆಯಲ್ಲಿ ಸಿಡಿ ಮಾರುವ ಒಂದು ಸಂಸ್ಥೆ ಇನ್ನೂ ಸಿದ್ಧವಾಗದಿದ್ದ ಪ್ರತಿಯನ್ನೇ 1.0 ಎಂಬ ಮುದ್ರೆಯೊತ್ತಿ ಹಂಚಿಬಿಟ್ಟಾಗ, ಡೆಬಿಯನ್ ಬಳಗ ಗೊಂದಲವಾಗಬಾರದೆಂದು ಆ ಸಂಖ್ಯೆಯನ್ನೇ ಕೈಬಿಟ್ಟು, 1996ರ ಜೂನಿನಲ್ಲಿ 1.1 ಎಂಬ ಆವೃತ್ತಿಯನ್ನು ಬಿಡುಗಡೆ ಮಾಡಿತು. ಆಗ ಅದರ ನಾಯಕತ್ವ ವಹಿಸಿದ್ದ ಬ್ರೂಸ್ ಪೆರೆನ್ಸರು ಪಿಕ್ಸಾರ್ ಚಲನಚಿತ್ರ ಸಂಸ್ಥೆಯಲ್ಲಿ ಉದ್ಯೋಗಿಗಳು; ಅಂದಿನಿಂದ ಇಂದಿನವರೆಗೆ ಎಲ್ಲ ಆವೃತ್ತಿಗಳಿಗೂ ಆ ಸಂಸ್ಥೆಯ ಟಾಯ್ ಸ್ಟೋರಿ ಚಿತ್ರದ ಪಾತ್ರಗಳ ಹೆಸರೇ ನಡೆದುಬಂದಿದೆ. ಸದಾ ಮಾರ್ಪಡುತ್ತಿರುವ ಅಸ್ಥಿರ ಶಾಖೆಗೆ, ಚಿತ್ರದಲ್ಲಿ ಬೊಂಬೆಗಳನ್ನು ಮುರಿಯುವ ಹುಡುಗ ಸಿಡ್‌ನ ಹೆಸರು. 1997ರ ಜುಲೈಯಲ್ಲಿ ಅಂಗೀಕೃತವಾದ ಸಾಮಾಜಿಕ ಒಡಂಬಡಿಕೆ, ದೋಷಗಳನ್ನು ಬಳಕೆದಾರರಿಂದ ಬಚ್ಚಿಡುವುದಿಲ್ಲವೆಂದು ಲಿಖಿತ ವಚನವನ್ನು ಕೊಟ್ಟಿತು. ಈ ವಚನದ ಪರೀಕ್ಷೆಯಾದ ಸಂದರ್ಭವನ್ನು ಮುಂದೆ ಹೇಳುತ್ತೇನೆ.

1999ರ ಮಾರ್ಚಿಯಲ್ಲಿ ಬಂದ 2.1ನೆಯ ಆವೃತ್ತಿಯೊಡನೆ ಆಪ್ಟ್ ಎಂಬ ಸಾಧನ ಬಳಕೆಗೆ ಬಂದಿತು. ಬೇಕಾದ ತಂತ್ರಾಂಶದ ಹೆಸರನ್ನು ಹೇಳಿದರೆ ಸಾಕು, ಅದು ಅವಲಂಬಿಸಿರುವ ಸಮಸ್ತ ಗಂಟುಗಳನ್ನೂ ತಾನೇ ಹುಡುಕಿ, ತಂದು, ಕ್ರಮವರಿತು ಸ್ಥಾಪಿಸುವ ಈ ಸಾಧನದಿಂದ ಮನೆಯ ಬಳಕೆದಾರನಿಗಾದ ಉಪಕಾರ ಅಪಾರ. ಒಂದು ಆವೃತ್ತಿಯಿಂದ ಮುಂದಿನದಕ್ಕೆ, ಡಿಸ್ಕನ್ನು ಅಳಿಸದೆ, ಕೆಲಸ ಮಾಡುತ್ತಿರುವ ಯಂತ್ರದಲ್ಲಿಯೇ ಏರಬಹುದಾಯಿತು. ಈ ಏರಿಕೆಯ ನಡುವೆ ಒಂದು ಘಳಿಗೆ ಬರುತ್ತದೆ. ಡೆಬಿಯನ್ ವಂಶದ ವಿತರಣೆಯನ್ನು ಬಳಸುವ ಪ್ರತಿಯೊಬ್ಬರೂ ಅದನ್ನು ಬಲ್ಲರು. ಬಳಕೆದಾರನು ತಾನೇ ಎಂದೋ ತಿದ್ದಿದ್ದ ಸಂರಚನಾ ಕಡತ ಎದುರಾದರೆ ಕೆಲಸ ಅಲ್ಲಿಯೇ ನಿಲ್ಲುತ್ತದೆ; ನೀವು ತಿದ್ದಿದ ಪ್ರತಿಯನ್ನು ಉಳಿಸಿಕೊಳ್ಳುವಿರೋ, ಪಾಲಕರು ಕಳಿಸಿದ ಹೊಸ ಪ್ರತಿಯನ್ನು ತೆಗೆದುಕೊಳ್ಳುವಿರೋ, ಎರಡರ ವ್ಯತ್ಯಾಸವನ್ನು ನೋಡುವಿರೋ ಎಂದು ತೆರೆಯ ಮೇಲೆ ಪ್ರಶ್ನೆ ಮೂಡುತ್ತದೆ; ಏನೂ ಹೇಳದೆ ಎಂಟರ್ ಒತ್ತಿದರೆ ಬಳಕೆದಾರನ ಪ್ರತಿಯೇ ಉಳಿಯುತ್ತದೆ. ಯಂತ್ರದ ಒಡೆಯನ ಕೈಬರಹವನ್ನು ಅವನ ಅನುಮತಿಯಿಲ್ಲದೆ ಅಳಿಸಬಾರದೆಂಬ ಈ ಒಂದು ಮರ್ಯಾದೆಗಾಗಿಯೇ ಆ ವ್ಯವಸ್ಥೆಯನ್ನು ನಾನು ಮೆಚ್ಚುತ್ತೇನೆ.

ಇದೇ ವೇಳೆಗೆ ರೆಡ್ ಹ್ಯಾಟ್ ಎಂಬ ವಾಣಿಜ್ಯ ವಂಶವೂ ಬೆಳೆಯುತ್ತಿದ್ದಿತು. ಮಾರ್ಕ್ ಯೂಯಿಂಗ್, ಬಾಬ್ ಯಂಗ್ ಎಂಬಿಬ್ಬರು ಕಟ್ಟಿದ ಆ ಸಂಸ್ಥೆ ಆರ್‌ಪಿಎಂ ಎಂಬ ತನ್ನದೇ ಪ್ಯಾಕೇಜ್ ಪದ್ಧತಿಯನ್ನು ರೂಪಿಸಿ, 1999ರಲ್ಲಿ ಷೇರುಪೇಟೆಯನ್ನು ಪ್ರವೇಶಿಸಿತು. ಡೆಸ್ಕ್‌ಟಾಪಿನ ಸೊಬಗಿಗೆ ಕಾರಣವಾದ ಕೆಡಿಇ 1996ರಲ್ಲೂ, ಅದಕ್ಕೆ ಪ್ರತಿಯಾಗಿ ಗ್ನೋಮ್ 1997ರಲ್ಲೂ ಆರಂಭಗೊಂಡುವು. ಫ್ರಾನ್ಸಿನ ಮಾಂಡ್ರೇಕ್ 1998ರಲ್ಲಿ ರೆಡ್ ಹ್ಯಾಟಿನ ಮೇಲೆ ಕೆಡಿಇಯನ್ನು ತೊಡಿಸಿ ಹೊಸಬರನ್ನು ಆಕರ್ಷಿಸಿತು. ಆದರೆ ಒಂದು ಆರ್‌ಪಿಎಂ ಹಾಕಹೋದರೆ ಅದು ಇನ್ನೊಂದನ್ನು ಕೇಳುವುದು, ಆ ಇನ್ನೊಂದು ಮತ್ತೆರಡನ್ನು ಕೇಳುವುದು, ಕೊನೆಯದು ಯಂತ್ರದಲ್ಲಿ ಆಗಲೇ ಇರುವ ತಂತ್ರಾಂಶ ಲೈಬ್ರರಿಯ ಆವೃತ್ತಿಯೊಡನೆ ಜಗಳವಾಡುವುದು, ಇದು ಯಮ್ ಎಂಬ ಸಾಧನ ಬಂದು ನೆಲೆಯೂರುವವರೆಗೆ ಆ ಕಡೆಯವರ ನಿತ್ಯದ ಗೋಳಾಗಿದ್ದಿತು. 2003ರ ಮಾರ್ಚಿಯಲ್ಲಿ ಬಂದ ಒಂಬತ್ತನೆಯ ಆವೃತ್ತಿಯೇ ರೆಡ್ ಹ್ಯಾಟ್ ಲಿನಕ್ಸಿನ ಕೊನೆಯದಾಯಿತು. 2004ರ ಏಪ್ರಿಲ್ ಕೊನೆಗೆ ಅದರ ತಿದ್ದುಪಡಿಗಳು ನಿಂತುವು. ಹಣ ತೆರುವ ಸಂಸ್ಥೆಗಳಿಗೆ ಎಂಟರ್‌ಪ್ರೈಸ್ ಆವೃತ್ತಿ, ಉಳಿದವರಿಗೆ ಫೆಡೋರಾ ಎಂದು ಹಾದಿ ಕವಲೊಡೆಯಿತು. ಫೆಡೋರಾ ಒಳ್ಳೆಯ ವಿತರಣೆಯೇ. ಆದರೆ ಅದರ ಒಂದೊಂದು ಆವೃತ್ತಿಗೆ ಸುಮಾರು ಹದಿಮೂರು ತಿಂಗಳು ಮಾತ್ರ ಆಯುಸ್ಸು. ವರ್ಷಕ್ಕೊಮ್ಮೆಯಾದರೂ ಮೇಲೇರಲು ಸಿದ್ಧನಿಲ್ಲದವನಿಗೆ ಅದು ತಕ್ಕುದಲ್ಲ.

ಭಾರತದಲ್ಲಿ ಲಿನಕ್ಸ್ ಹರಡಿದುದು ತಂತಿಯ ಮೂಲಕವಲ್ಲ, ಪತ್ರಿಕೆಯ ಮೂಲಕ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕ ಇಂಟರ್ನೆಟ್ ಸೇವೆಯನ್ನು ಆರಂಭಿಸಿತೇನೋ ನಿಜ; ಆದರೆ ಸೆಕೆಂಡಿಗೆ 28,800 ಬಿಟ್‌ಗಳ ಮೋಡೆಮ್, ಫೋನು ಒಮ್ಮೆಯೂ ಕಡಿಯದೆ ಪೂರ್ಣವೇಗದಲ್ಲಿ ನಡೆದರೂ, 650 ಎಂಬಿಯ ಒಂದು ಸಿಡಿಯಷ್ಟು ಸಾಮಗ್ರಿಯನ್ನು ಇಳಿಸಲು ಐವತ್ತು ಗಂಟೆ ಬೇಕು. ಆದುದರಿಂದ 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯೊಡನೆ ಲಿನಕ್ಸ್ ಸಿಡಿಯನ್ನು ಕೊಟ್ಟುದು, ಅನಂತರದ ವರ್ಷಗಳಲ್ಲಿಯೂ ಅದನ್ನು ಮುಂದುವರಿಸಿದುದು ಸಾಮಾನ್ಯ ಸಂಗತಿಯಲ್ಲ. ಈ ದೇಶದ ಎಷ್ಟೋ ಮಂದಿಯ ಮೊದಲ ಲಿನಕ್ಸ್ ಆ ಸಿಡಿಯಿಂದಲೇ ಬಂದುದು. ಆ ಪ್ರಯತ್ನದ ಹಿಂದಿದ್ದವರಲ್ಲಿ ಪ್ರಮುಖರಾದ ಅತುಲ್ ಚಿಟ್ನಿಸರು ಬೆಂಗಳೂರಿನವರು. 2001ರಲ್ಲಿ ಆ ನಗರದಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ನಡೆದುದರಲ್ಲಿಯೂ, ಅದು 2005ರಿಂದ ಫಾಸ್ ಡಾಟ್ ಇನ್ ಎಂಬ ಹೆಸರಿನಿಂದ ಮುಂದುವರಿದುದರಲ್ಲಿಯೂ ಅವರ ಪಾತ್ರ ಹಿರಿದು. 2013ರಲ್ಲಿ ಅವರು ತೀರಿಕೊಂಡರು.

ಇತ್ತ 2000ದ ದಶಕದ ಆರಂಭದಲ್ಲಿ ಡೆಬಿಯನ್ನಿನ ಗುಣವೇ ಅದರ ದೋಷವೂ ಆಗಿ ಪರಿಣಮಿಸಿತು. ಎಲ್ಲವೂ ಸರಿಯಾಗುವವರೆಗೆ ಬಿಡುಗಡೆಯಿಲ್ಲವೆಂಬ ನಿಯಮದಿಂದ 2002ರ ಜುಲೈಯಲ್ಲಿ ಬಂದ 3.0ಕ್ಕೂ ಅದರ ಮುಂದಿನ 3.1ಕ್ಕೂ ನಡುವೆ ಹತ್ತಿರ ಹತ್ತಿರ ಮೂರು ವರ್ಷಗಳು ಸಂದುವು. ಹೊಸ ಯಂತ್ರ ಕೊಂಡವನಿಗೆ ಹಳೆಯ ಕರ್ನಲ್ ಅದರ ಡಿಸ್ಕನ್ನೇ ಗುರುತಿಸದೆ ಹೋಗುವ ಪರಿಸ್ಥಿತಿ. ದಕ್ಷಿಣ ಆಫ್ರಿಕದ ಉದ್ಯಮಿ ಮಾರ್ಕ್ ಷಟಲ್‌ವರ್ತರು ಈ ಅವಕಾಶವನ್ನು ಕಂಡು, ಡೆಬಿಯನ್ನಿನ ಅಸ್ಥಿರ ಶಾಖೆಯನ್ನು ಆರು ತಿಂಗಳಿಗೊಮ್ಮೆ ಹಿಡಿದು ನಿಲ್ಲಿಸಿ, ಮನೆಯ ಬಳಕೆಗೆ ಹೊಂದಿಸಿ, ತಪ್ಪದ ತಾರೀಖಿನಂದು ಬಿಡುಗಡೆ ಮಾಡುವ ಯೋಜನೆಯನ್ನು ಹೂಡಿದರು. 2004ರ ಅಕ್ಟೋಬರಿನಲ್ಲಿ ಉಬುಂಟು 4.10 ಹೊರಬಂದಿತು. ವರ್ಷ, ತಿಂಗಳುಗಳೇ ಆವೃತ್ತಿಯ ಸಂಖ್ಯೆ. ಕೇಳಿದವರ ಮನೆಗೆ, ಅಂಚೆವೆಚ್ಚವನ್ನೂ ತಾವೇ ಹೊತ್ತು, ಮುದ್ರಿತ ಸಿಡಿಗಳನ್ನು ಕಳುಹಿಸುವ ಪದ್ಧತಿ 2011ರವರೆಗೂ ನಡೆಯಿತು. 2006ರ ಜೂನಿನ 6.06ರೊಡನೆ ದೀರ್ಘಕಾಲದ ಪೋಷಣೆಯುಳ್ಳ ಆವೃತ್ತಿ, ಎಂದರೆ ಎಲ್‌ಟಿಎಸ್, ಎಂಬ ಕಲ್ಪನೆ ಬಂದಿತು: ಡೆಸ್ಕ್‌ಟಾಪಿಗೆ ಮೂರು ವರ್ಷ, 12.04ರಿಂದ ಐದು ವರ್ಷ. ಸಾಮಾನ್ಯ ಬಳಕೆದಾರನ ದೃಷ್ಟಿಯಿಂದ ಉಬುಂಟುವಿನ ಎಲ್ಲ ಆವಿಷ್ಕಾರಗಳಲ್ಲಿ ಹಿರಿದಾದುದು ಯಾವುದೆಂದು ಕೇಳಿದರೆ ಈ ಲಿಖಿತ ಆಯುಸ್ಸೆಂದೇ ನಾನು ಹೇಳುವೆನು. 2006ರಲ್ಲಿಯೇ ಹುಟ್ಟಿದ ಲಿನಕ್ಸ್ ಮಿಂಟ್, 2011ರಲ್ಲಿ ಉಬುಂಟು ಯೂನಿಟಿ ಎಂಬ ಹೊಸ ಡೆಸ್ಕ್‌ಟಾಪಿನ ಕಡೆಗೂ ಗ್ನೋಮ್ ತನ್ನ ಮೂರನೆಯ ರೂಪದ ಕಡೆಗೂ ಹೊರಳಿದಾಗ, ಹಳೆಯ ಬಗೆಯ ಮೆನುವನ್ನೇ ಬಯಸಿದವರಿಗೆ ಆಶ್ರಯವಾಯಿತು.

ಕನ್ನಡಿಗ ಬಳಕೆದಾರನಿಗೆ ಈ ಎಲ್ಲದರ ಮೇಲೆ ಮತ್ತೊಂದು ಪ್ರಶ್ನೆಯಿದ್ದಿತು: ಇದರಲ್ಲಿ ಕನ್ನಡ ಬರುವುದೇ? ಯೂನಿಕೋಡಿನಲ್ಲಿ ಕನ್ನಡಕ್ಕೆ ಮೊದಲಿನಿಂದಲೇ ಸ್ಥಾನವಿದ್ದರೂ ಸಂಕೇತಗಳಿದ್ದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ಒತ್ತಕ್ಷರವನ್ನು ಕೆಳಗಿಳಿಸಿ, ರೇಫವನ್ನು ಬಲಕ್ಕೆ ತಂದು, ಗುಣಿತದ ಚಿಹ್ನೆಯನ್ನು ವ್ಯಂಜನದೊಡನೆ ಬೆಸೆಯುವ ಎಂಜಿನ್ ಬೇಕು, ಆ ಎಂಜಿನ್ ಅರಿಯುವ ಓಪನ್‌ಟೈಪ್ ಫಾಂಟ್ ಬೇಕು. ಅವೆರಡೂ ಕೂಡಿಬರುವವರೆಗೆ ‘ಕ್ಷ’ ಎಂಬುದು ಕ, ಹಲಂತದ ಗುರುತು, ಷ ಎಂದು ಮೂರು ತುಂಡಾಗಿ ತೆರೆಯ ಮೇಲೆ ಬಿದ್ದಿರುತ್ತಿದ್ದಿತು. ಗ್ನೋಮಿನ ಪ್ಯಾಂಗೋ ಮೊದಲಾದ ಎಂಜಿನ್‌ಗಳೂ, ಕೇದಗೆ, ಮಲ್ಲಿಗೆ ಎಂಬ ಮುಕ್ತ ಫಾಂಟುಗಳೂ, ರೆಡ್ ಹ್ಯಾಟ್ 2004ರಲ್ಲಿ ಮುಕ್ತಗೊಳಿಸಿದ ಲೋಹಿತ್ ಸರಣಿಯೂ, ತರುವಾಯ ಗುಬ್ಬಿ, ನವಿಲು ಎಂಬ ಫಾಂಟುಗಳೂ ಬಂದು ಈ ಕೊರತೆಯನ್ನು ನೀಗಿದುವು. ಕೆ. ಪಿ. ರಾಯರ ಕೀಲಿಮಣೆ ವಿನ್ಯಾಸ ಕಗಪ ಎಂಬ ಹೆಸರಿನಿಂದ ಇಂದು ವಿತರಣೆಗಳೊಡನೆಯೇ ಬರುತ್ತದೆ. ಡೆಬಿಯನ್ನಿನ ಚಿತ್ರಾತ್ಮಕ ಸ್ಥಾಪಕ ಕನ್ನಡದಲ್ಲಿಯೇ ಮಾತನಾಡುತ್ತದೆ. ನುಡಿ, ಬರಹ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಕಡತಗಳು ಮಾತ್ರ, ಆ ಫಾಂಟುಗಳ ಸಂಕೇತಗಳು ಯೂನಿಕೋಡಿನವಲ್ಲದ್ದರಿಂದ, ಲಿನಕ್ಸಿಗೆ ಬಂದವನಿಗೆ ಬಹುಕಾಲ ತೊಡಕಾದುವು. ಅವುಗಳನ್ನು ಪರಿವರ್ತಕದಲ್ಲಿ ಹಾಯಿಸಿ ಒಮ್ಮೆ ಕಣ್ಣಾಡಿಸಿ ತಿದ್ದಿಡುವುದೇ ಉಪಾಯ.

ಪಾಲಕರ ಮಹತ್ವ ಬೆಳಕಿಗೆ ಬರುವುದು ಅವರು ತಪ್ಪಿದಾಗ. 2006ರ ಸೆಪ್ಟೆಂಬರಿನಲ್ಲಿ ಡೆಬಿಯನ್ನಿನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ದೋಷಶೋಧಕ ಸಾಧನವೊಂದು ಆಕ್ಷೇಪಿಸಿತೆಂಬ ಕಾರಣದಿಂದ, ಕೆಲವೇ ಪಂಕ್ತಿಗಳನ್ನು ತೆಗೆದುಹಾಕಲಾಯಿತು. ಗುಪ್ತಕೀಲಿಗಳನ್ನು ಸೃಷ್ಟಿಸುವಾಗ ಬೇಕಾದ ಯಾದೃಚ್ಛಿಕತೆ ಆ ಪಂಕ್ತಿಗಳೊಡನೆಯೇ ಬಹುಪಾಲು ಹೊರಟುಹೋಯಿತು; ಒಂದೊಂದು ಜಾತಿಯ, ಒಂದೊಂದು ಗಾತ್ರದ ಕೀಲಿಗೆ ಉಳಿದ ಸಾಧ್ಯತೆಗಳು ಸುಮಾರು 32,768 ಮಾತ್ರ, ಎಂದರೆ ಸಾಧಾರಣ ಯಂತ್ರವೂ ಅವೆಲ್ಲವನ್ನೂ ಮೊದಲೇ ಎಣಿಸಿಡಬಹುದು. 2008ರ ಮೇ ತಿಂಗಳಲ್ಲಿ ಲೂಸಿಯಾನೋ ಬೆಲ್ಲೋ ಎಂಬ ಡೆಬಿಯನ್ ಕಾರ್ಯಕರ್ತರೇ ಅದನ್ನು ಕಂಡುಹಿಡಿದರು. ಸುಮಾರು ಇಪ್ಪತ್ತು ತಿಂಗಳು ಡೆಬಿಯನ್ನಿನಲ್ಲೂ, ಅದರಿಂದ ಕವಲೊಡೆದ ಉಬುಂಟುವಿನಲ್ಲೂ ಹುಟ್ಟಿದ ಕೀಲಿಗಳೆಲ್ಲ ವ್ಯರ್ಥವಾದುವು. ತಪ್ಪು ಘೋರವಾದುದು, ಆದರೆ ಅದನ್ನು ಪ್ರಕಟವಾಗಿ ಒಪ್ಪಿಕೊಂಡು, ಯಾರ ಕೀಲಿ ದುರ್ಬಲವೆಂದು ಪರೀಕ್ಷಿಸುವ ಸಾಧನವನ್ನೂ ದುರ್ಬಲ ಕೀಲಿಗಳ ಪಟ್ಟಿಯನ್ನೂ ತಿದ್ದುಪಡಿಯೊಡನೆ ಕಳುಹಿಸಿಕೊಟ್ಟ ರೀತಿಯಲ್ಲಿ 1997ರ ವಚನ ಪಾಲನೆಯಾಯಿತು. ಮೂಲ ತಂತ್ರಾಂಶವನ್ನು ವಿತರಕರು ಮನಬಂದಂತೆ ತಿದ್ದಬಾರದೆನ್ನುವವರಿಗೆ ಈ ಘಟನೆ ಇಂದಿಗೂ ಬಲವಾದ ಆಧಾರ, ಮತ್ತು ಅವರ ಮಾತಿನಲ್ಲಿ ನ್ಯಾಯವಿದೆ.

ಇನ್ನೊಂದು ಘಟನೆ ತೀರ ಈಚಿನದು. ಕಡತಗಳನ್ನು ಸಂಕುಚಿಸುವ ಎಕ್ಸ್‌ಝೆಡ್ ಎಂಬ ಪುಟ್ಟ ತಂತ್ರಾಂಶವನ್ನು ಬಹುಕಾಲ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಂಡು ಬರುತ್ತಿದ್ದರು. ಸಹಾಯಕನಾಗಿ ಬಂದು, ವರ್ಷಗಳ ಕಾಲ ಸಜ್ಜನಿಕೆಯಿಂದ ದುಡಿದು, ನಂಬಿಕೆ ಗಳಿಸಿದ ಮಿಥ್ಯಾನಾಮಧಾರಿಯೊಬ್ಬನು 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಒಂದು ಕಳ್ಳದ್ವಾರವನ್ನು ಅಡಗಿಸಿದನು. ದೂರದ ಯಂತ್ರಕ್ಕೆ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡು ವಿಳಂಬವಾಗುತ್ತಿರುವುದನ್ನು ಗಮನಿಸಿ, ಅದರ ಬೆನ್ನುಹತ್ತಿದ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರರು 2024ರ ಮಾರ್ಚ್ 29ರಂದು ಅದನ್ನು ಬಯಲಿಗೆಳೆದರು. ಆ ವೇಳೆಗೆ ಅದು ಡೆಬಿಯನ್ನಿನ ಟೆಸ್ಟಿಂಗ್ ಮತ್ತು ಅಸ್ಥಿರ ಶಾಖೆಗಳಿಗೂ, ಫೆಡೋರಾದ ಪ್ರಯೋಗ ಶಾಖೆಯಾದ ರಾಹೈಡಿಗೂ, ಓಪನ್‌ಸೂಸೆ ಟಂಬಲ್‌ವೀಡಿಗೂ ತಲಪಿತ್ತು. ಡೆಬಿಯನ್ನಿನ ಸ್ಥಿರ ಆವೃತ್ತಿಯನ್ನು ಮುಟ್ಟಿರಲಿಲ್ಲ. ಆರ್ಚ್ ಮುಂತಾದ, ಹೊಸ ತಂತ್ರಾಂಶವನ್ನು ಬಂದಂತೆಲ್ಲ ಕೊಡುವ ನಿರಂತರ ಪ್ರವಾಹದ ವಿತರಣೆಗಳನ್ನು ನಾನು ಅಲ್ಲಗಳೆಯುವುದಿಲ್ಲ. ಹೊಸ ಯಂತ್ರಾಂಶ ಕೊಂಡವರಿಗೆ, ಹೊಸ ತಂತ್ರಾಂಶದ ಅಗತ್ಯವುಳ್ಳವರಿಗೆ ಅವು ಬೇಕು, ಅವನ್ನು ಬಳಸುವವರು ಪ್ರತಿ ಅಪ್‌ಡೇಟಿಗೂ ಮುನ್ನ ಪ್ರಕಟಣೆಯನ್ನು ಓದುವ ಶಿಸ್ತನ್ನು ಬೆಳೆಸಿಕೊಂಡಿರುತ್ತಾರೆ. ಆದರೆ ಹೊಸತನ್ನು ತಡೆದು, ಕಾಯಿಸಿ, ಹಳತಾದ ಮೇಲೆ ಒಳಗೆ ಬಿಡುವ ನಿಧಾನಕ್ಕೂ ಒಂದು ರಕ್ಷಣೆಯ ಬೆಲೆಯಿದೆಯೆಂಬುದು ಆ ಮಾರ್ಚಿ ತಿಂಗಳಲ್ಲಿ ಎಲ್ಲರಿಗೂ ಮನವರಿಕೆಯಾಯಿತು.

ಆಯುಸ್ಸಿನ ವಿಷಯದಲ್ಲಿ ವಚನವನ್ನು ನೆಚ್ಚಿ ಕೆಟ್ಟವರೂ ಉಂಟು. ಸೆಂಟ್‌ಓಎಸ್ ಎಂಬ ವಿತರಣೆಯ 8ನೆಯ ಆವೃತ್ತಿಗೆ 2029ರವರೆಗೆ ಪೋಷಣೆಯೆಂದು ನಂಬಿದ್ದವರಿಗೆ 2020ರ ಡಿಸೆಂಬರಿನಲ್ಲಿ, ಮುಂದಿನ ವರ್ಷದ ಕೊನೆಗೇ ಅದು ಮುಗಿಯುವುದೆಂಬ ಪ್ರಕಟಣೆ ಬಂದಿತು. ಯಂತ್ರಗಳ ಗತಿಯೂ ಹಾಗೆಯೇ: ಲಿನಕ್ಸ್ ಹುಟ್ಟಿದ್ದು ಯಾವ 386ರ ಮೇಲೋ ಆ 386ರ ಪೋಷಣೆಯನ್ನು 2013ರ 3.8ನೆಯ ಕರ್ನಲ್ ಕೈಬಿಟ್ಟಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ಕ್ಕೆ ಹಳೆಯ 32 ಬಿಟ್ ಪಿಸಿಗಳ ಸ್ಥಾಪಕವೇ ಇಲ್ಲ. ಇತ್ತ ವೋಲ್ಕರ್ಡಿಂಗರ ಸ್ಲ್ಯಾಕ್‌ವೇರ್, ಅವಲಂಬನೆಗಳನ್ನು ತಾನಾಗಿ ಹುಡುಕುವ ಸಾಧನವನ್ನು ಇಂದಿಗೂ ಒಪ್ಪದೆ, 2016ರ ಅನಂತರ ಐದೂವರೆ ವರ್ಷ ತಡೆದು 2022ರಲ್ಲಿ ತನ್ನ 15.0ನೆಯ ಆವೃತ್ತಿಯನ್ನು ಕೊಟ್ಟು, ಬದುಕಿರುವವುಗಳಲ್ಲಿ ಅತ್ಯಂತ ಹಳೆಯದೆಂಬ ಗೌರವದೊಡನೆ ನಿಂತಿದೆ. ಮರ್ಡಾಕರು 2015ರ ಡಿಸೆಂಬರಿನಲ್ಲಿ ತೀರಿಹೋದರು. 1.1ನೆಯ ಆವೃತ್ತಿಯಲ್ಲಿ 474 ಪ್ಯಾಕೇಜುಗಳಿದ್ದ ಅವರ ವಿತರಣೆಯಲ್ಲಿ 2023ರ ವೇಳೆಗೆ 64,000ಕ್ಕೂ ಮಿಕ್ಕಿದ್ದುವು.

ಇಷ್ಟರ ಮೇಲೆ ನನ್ನ ಅಭಿಪ್ರಾಯವನ್ನು ಹೇಳಬೇಕಾದರೆ, ಮನೆಯಲ್ಲಿ ಬರೆಯಲು, ಓದಲು, ಲೆಕ್ಕವಿಡಲು ಕಂಪ್ಯೂಟರನ್ನು ಬಳಸುವವರು ಡೆಬಿಯನ್ ಸ್ಥಿರ ಆವೃತ್ತಿಯನ್ನಾಗಲಿ, ಉಬುಂಟುವಿನ ಎಲ್‌ಟಿಎಸ್ಸನ್ನಾಗಲಿ, ಅದರ ಮೇಲೆ ನಿಂತ ಮಿಂಟನ್ನಾಗಲಿ ಹಿಡಿಯುವುದು ಉಚಿತ. ಹಾಕಿಕೊಳ್ಳುವ ದಿನವೇ ಅದರ ಪೋಷಣೆ ಮುಗಿಯುವ ತಾರೀಖನ್ನು ನೋಡಿ ಬರೆದಿಟ್ಟುಕೊಳ್ಳಿರಿ. ಭದ್ರತೆಯ ಅಪ್‌ಡೇಟುಗಳನ್ನು ವಾರಕ್ಕೊಮ್ಮೆಯಾದರೂ ಹಾಕಿರಿ. ಆವೃತ್ತಿ ಏರಿಸುವ ಮುನ್ನ ನಿಮ್ಮ ಕಡತಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿರಿ. ವಿತರಣೆಯ ಹೊರಗಿನ ಭಂಡಾರಗಳಿಂದ ತಂತ್ರಾಂಶ ತರುವುದನ್ನು ಕೈಲಾದಮಟ್ಟಿಗೆ ತಪ್ಪಿಸಿರಿ, ಏಕೆಂದರೆ ಏರಿಕೆಯ ಹೊತ್ತಿನಲ್ಲಿ ತೊಡಕಾಗುವುದು ಹೆಚ್ಚಾಗಿ ಅವುಗಳಿಂದಲೇ. ಕನ್ನಡಿಗರಲ್ಲಿ ಇನ್ನೊಂದು ಪ್ರಾರ್ಥನೆ. ಒತ್ತಕ್ಷರವೊಂದು ಎಲ್ಲಿಯಾದರೂ ತಪ್ಪಾಗಿ ಕಂಡರೆ, ಮೆನುವಿನ ಅನುವಾದ ಅಸಂಬದ್ಧವಾಗಿದ್ದರೆ, ಸಹಿಸಿಕೊಂಡು ಇಂಗ್ಲಿಷಿಗೆ ಹೊರಳಬೇಡಿರಿ. ಪ್ರತಿಯೊಂದು ಡೆಬಿಯನ್ ಪ್ಯಾಕೇಜಿನಲ್ಲಿಯೂ ಅದರ ಪಾಲಕರ ಹೆಸರು, ವಿಳಾಸ ಇವೆ. ಯಾವ ಫಾಂಟ್, ಯಾವ ಆವೃತ್ತಿ, ಯಾವ ಪದ ಎಂಬುದನ್ನು ತೆರೆಯ ಚಿತ್ರದೊಡನೆ ಅವರಿಗೆ ಬರೆಯಿರಿ. ಕನ್ನಡ ಓದಬಲ್ಲವರು ತಿಳಿಸದೆ ಹೋದರೆ ಆ ದೋಷ ಅವರಿಗೆ ಕಾಣುವುದೇ ಇಲ್ಲ.